ಮೂಸಿಯ ಮಹಾಪೂರ

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಿಸೆಯ ಮರವಿದೆ. 1908ರ ಸೆಪ್ಟೆಂಬರ್ 28ರಂದು, ಆ ಸ್ಥಳವಿನ್ನೂ ಉದ್ಯಾನವಾಗಿದ್ದಾಗ, ಸುಮಾರು 150 ಮಂದಿ ಅದರ ಕೊಂಬೆಗಳನ್ನು ಅವುಚಿಕೊಂಡು ಬದುಕಿದರು. ಅಂದಿನ ಮೂಸಿ ನದಿಯ ಪ್ರವಾಹದಲ್ಲಿ ಮಡಿದವರು 15,000 ಮಂದಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. ಬಿದ್ದುಹೋದ ಮನೆಗಳು ಸುಮಾರು 19,000. ಬೀದರ, ಕಲಬುರಗಿ, ರಾಯಚೂರುಗಳೂ ಆಗ ನಿಜಾಮರ ಸೀಮೆಯೊಳಗೇ ಇದ್ದುದರಿಂದ ಕನ್ನಡಿಗರಿಗೆ ಇದು ಅನ್ಯರ ಕಥೆಯಲ್ಲ.

ಮೂಸಿಯೇನೂ ದೊಡ್ಡ ನದಿಯಲ್ಲ. ಮುಚುಕುಂದಾ ಎಂಬ ಪೌರಾಣಿಕ ನಾಮಧೇಯ ಅದಕ್ಕುಂಟು. ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟಿ, ನಗರದ ನಡುವೆ ಹಾದು, ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಬೇಸಗೆಯಲ್ಲಿ ಬಡವಾಗುವ ಇಂಥ ಹೊಳೆಯನ್ನು ದಂಡೆಯ ಜನ ಹಗುರವಾಗಿ ಕಾಣುವುದು ಸಹಜವೇ. ಮನೆಗಳು ನೀರಿನ ಅಂಚಿನವರೆಗೂ ಒತ್ತಿಕೊಂಡು ಬೆಳೆದಿದ್ದವು.

ನಗರಕ್ಕೆ ಸಮೀಪದ ಶಂಷಾಬಾದಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿಯಿತು. ಆದರೆ ನಗರವನ್ನು ಮುಳುಗಿಸಿದ್ದು ಮಳೆಯೊಂದೇ ಅಲ್ಲ. ಇದನ್ನು ಅಂಕಿಗಳಿಂದ ತೋರಿಸಿಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರು. ವಿದೇಶ ಪ್ರವಾಸದಲ್ಲಿದ್ದ ಅವರಿಗೆ ನಿಜಾಮ್ ಸರ್ಕಾರದ ಆಹ್ವಾನ ಬಂದಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದು ಕೆಲಸ ಕೈಗೊಂಡರು. ಪ್ರವಾಹವಾದ ಕಡೆ ದಂಡೆಯನ್ನೆತ್ತರಿಸಿ ಗೋಡೆ ಕಟ್ಟಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಅವರ ದೃಷ್ಟಿಯಾದರೋ ನದಿಯ ಮೇಲ್ಭಾಗಕ್ಕೆ ಹರಿಯಿತು. ನಗರದಿಂದ ಮೇಲಿನ 862 ಚದರ ಮೈಲಿಗಳ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅಂದರೆ ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು: 182 ಈಸಿ ಎಂಬ ಉಪನದಿಯ ಕಡೆ, ಉಳಿದ 39 ಮೂಸಿಯ ಕಡೆ. ಮೇಲಿನ ಕೆರೆಯ ನೀರು ಕೆಳಗಿನ ಕೆರೆಯ ಏರಿಯನ್ನು ಮುರಿಯುವುದು, ಆ ಎರಡರ ನೀರೂ ಸೇರಿ ಮೂರನೆಯದರ ಮೇಲೆ ಬೀಳುವುದು, ಹೀಗೆ ಸರಪಣಿ ಬೆಳೆಯುತ್ತದೆ. ಪ್ರವಾಹ ಉತ್ತುಂಗಕ್ಕೇರಿದಾಗ ಸೆಕೆಂಡಿಗೆ 4,25,000 ಘನ ಅಡಿ ನೀರು ಹರಿಯಿತೆಂದು ಅವರ ಗಣನೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬರಿಯ ಮಳೆಯ ನೀರು ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ದಂಡೆಯವರು ಅದನ್ನು ನೋಡುತ್ತ ಸಾಮಾನು ಕಟ್ಟಿಕೊಂಡು ಹೊರಡುವಷ್ಟು ವೇಳೆಯಾದರೂ ಸಿಗುತ್ತದೆ. ಕೆರೆ ಒಡೆದ ನೀರು ಅಂಥ ದಾಕ್ಷಿಣ್ಯವನ್ನು ತೋರಿಸುವುದಿಲ್ಲ. ಹಿರಿಯರು ಕಂಡ ಹಳೆಯ ನೀರಿನ ಗುರುತು, ‘ಇಲ್ಲಿಯವರೆಗೆ ಎಂದೂ ಬಂದಿಲ್ಲ’ ಎಂಬ ಭರವಸೆ, ಎರಡೂ ಅಂದು ನಿರುಪಯುಕ್ತ. ಮೇಲಿನ ಊರಿನಿಂದ ಸುದ್ದಿ ಬಂದೊಡನೆ ಎತ್ತರದ ನೆಲಕ್ಕೆ ಹೊರಟುಬಿಡುವುದಲ್ಲದೆ ಬೇರೆ ದಾರಿಯಿಲ್ಲ.

ನಿಜಾಮ ಮಹಬೂಬ್ ಅಲಿ ಖಾನರು ಸಂತ್ರಸ್ತರಿಗೆ ಅರಮನೆಗಳ ಬಾಗಿಲು ತೆರೆಸಿದರು. ಅವರು ನದಿಗೆ ಪೂಜೆ ಸಲ್ಲಿಸಿ ಅದನ್ನು ಶಾಂತಗೊಳಿಸಿದರೆಂಬ ಕಥೆಯೂ ಬಳಕೆಯಲ್ಲಿದೆ. ಕಥೆಯ ಸತ್ಯ ಹೇಗೇ ಇರಲಿ, ದೊರೆಯಾದವನು ನದಿಯೆದುರು ಕೈಮುಗಿದು ನಿಂತನೆಂದು ಜನ ನಂಬಲು ಇಷ್ಟಪಟ್ಟರಲ್ಲ, ಅದು ಸೊಗಸಾದ ಸಂಗತಿ.

ವಿಶ್ವೇಶ್ವರಯ್ಯನವರ ಸಲಹೆ ನಗರದ ಮೇಲ್ಗಡೆ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂಬುದು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಕುಡಿಯುವ ನೀರೂ ಅವುಗಳಿಂದಲೇ ದೊರೆಯಿತು. ತೊಡಕು ಇರುವುದೂ ಅಲ್ಲಿಯೇ. ಬಾಯಾರಿದ ನಗರ ಜಲಾಶಯ ತುಂಬಿರಲೆಂದು ಹಾರೈಸುತ್ತದೆ. ಪ್ರವಾಹವನ್ನು ತಡೆಯಬೇಕಾದವನಿಗೆ ಮಳೆಗಾಲದಲ್ಲಿ ಅದರ ಒಂದು ಭಾಗ ಬರಿದಾಗಿಯೇ ಇರಬೇಕು. ತುಂಬಿದ ಜಲಾಶಯ ಬಂದ ನೀರನ್ನು ಕೆಳಗೆ ಬಿಡಲೇಬೇಕಾಗುತ್ತದೆ. ಆ ಬರಿದು ಜಾಗ ದಂಡಕ್ಕೆ ಬಿಟ್ಟ ಜಾಗವಲ್ಲ, ಕೆಳಗಿನ ಜನರ ಪ್ರಾಣಕ್ಕೆ ಮೀಸಲಾದದ್ದು ಎಂಬುದು ಬಿಸಿಲಿನ ದಿನಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

ಸಣ್ಣ ಕೆರೆಗಳ ಗತಿಯೂ ಅಷ್ಟೇ. 2020ರ ಅಕ್ಟೋಬರಿನ ಮಳೆಯಲ್ಲಿ ಅದೇ ಹೈದರಾಬಾದಿನ ಪಲ್ಲೆ ಚೆರುವು, ಗುರ್ರಂ ಚೆರುವುಗಳು ಒಡೆದವು. ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಮೂಸಿಯ ದಂಡೆಯ ಮೇಲೆ ಇದ್ದವರಲ್ಲ ಅವರು. ಕೆರೆಯೊಂದರ ಕೆಳಗೆ ಮನೆ ಮಾಡಿಕೊಂಡಿದ್ದವರು.