ಠಾಣೆಯಲ್ಲಿ ಉಳಿದವನು

ದೇವರ ಕರೆಗೆ ಓಗೊಟ್ಟವರ ಚರಿತ್ರೆಯಲ್ಲಿ ಪ್ರಾಣ ಕೊಟ್ಟವರ ಹೆಸರೇ ಮುಂದೆ ನಿಲ್ಲುತ್ತದೆ. ಠಾಣೆಯಲ್ಲೂ ಹಾಗೇ ಆಯಿತು.

1321ರಲ್ಲಿ ಕೇರಳದ ಕೊಲ್ಲಂಗೆ ಹೊರಟಿದ್ದ ಹಡಗೊಂದು ಎದುರುಗಾಳಿಗೆ ಸಿಕ್ಕಿ ಠಾಣೆಗೆ ಬಂತು. ಅದರಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರಿದ್ದರು: ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ದುಭಾಷಿ ದೆಮೆತ್ರಿಯಸ್. ಜೊತೆಗೆ ಫ್ರಾನ್ಸಿನ ಡೊಮಿನಿಕನ್ ಪಾದ್ರಿ ಜೋರ್ಡಾನಸ್. ಊರಿನ ನೆಸ್ಟೋರಿಯನ್ ಕ್ರೈಸ್ತರೊಬ್ಬರ ಮನೆಯಲ್ಲಿ ಇಳಿದುಕೊಂಡರು.

ಮುಂದಿನದನ್ನು ಬರೆದಿಟ್ಟವನು, ಆಮೇಲೆ ಠಾಣೆಗೆ ಬಂದ ಪ್ರವಾಸಿ ಪಾದ್ರಿ ಓದೊರಿಕ್. ಆ ಮನೆಯ ಯಜಮಾನ ಹೆಂಡತಿಯನ್ನು ಹೊಡೆದ. ಆಕೆ ಕಾಜಿಗೆ ದೂರು ಕೊಟ್ಟು, ಅತಿಥಿಗಳೇ ಸಾಕ್ಷಿ ಎಂದಳು. ಸಂಸಾರದ ಜಗಳದ ವಿಚಾರಣೆ ಧರ್ಮದ ವಾದಕ್ಕೆ ತಿರುಗಿತು. ಏಪ್ರಿಲ್ 9ರಂದು ಮೂವರು ಹತರಾದರು. ಮನೆಯಲ್ಲಿ ಸಾಮಾನು ಕಾಯುತ್ತಿದ್ದ ಪೀಟರ್ ಎರಡು ದಿನದ ಮೇಲೆ.

ಭರೂಚ್ ಕಡೆಗೆ ಹೋಗಿದ್ದ ಜೋರ್ಡಾನಸ್ ಸುದ್ದಿ ತಿಳಿದು ಮರಳಿದ. ಶವಗಳನ್ನು ಸೋಪಾರದಲ್ಲಿ ಮಣ್ಣುಮಾಡಿದ. ಊರಿಗೆ ಹಿಂತಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಉಳಿದ. ಅಕ್ಟೋಬರ್ 12ರಂದು ಗುಜರಾತಿನ ಗೋಘಾದಿಂದ ಪರ್ಷಿಯಾದಲ್ಲಿದ್ದ ಪಾದ್ರಿಗಳಿಗೆ ಪತ್ರ ಬರೆದು, ಇಲ್ಲಿ ಕೆಲಸವಿದೆ, ಬನ್ನಿ ಎಂದು ಕರೆದ. ಎರಡು ವರ್ಷಕ್ಕೂ ಹೆಚ್ಚು ಕಾಲದ ನಂತರ ಠಾಣೆಯಿಂದಲೇ ಬರೆದ ಇನ್ನೊಂದು ಪತ್ರದಲ್ಲಿ ಹಸಿವು, ಕಾಯಿಲೆ, ಸೆರೆ, ಒಂಟಿತನ ಎಲ್ಲವೂ ಇವೆ. ವೀರಾವೇಶವಿಲ್ಲ, ದಣಿವಿದೆ, ಆ ದಣಿವೇ ಅವನ ಮಾತನ್ನು ನಂಬಿಸುತ್ತದೆ.

ಹತರಾದವರ ಮೂಳೆಗಳನ್ನು ಓದೊರಿಕ್ ಚೀನಾಕ್ಕೆ ಒಯ್ದ. ಜೋರ್ಡಾನಸ್‌ನನ್ನು 1329ರಲ್ಲಿ ಪೋಪ್ 22ನೇ ಜಾನ್ ಬಿಷಪ್ ಪದವಿಗೆ ನೇಮಿಸಿದರು. ಊರು ಕೊಲ್ಲಂ: ಎಂಟು ವರ್ಷ ಹಿಂದೆ ಗಾಳಿ ತಪ್ಪಿಸಿದ್ದ ಅದೇ ಕೊಲ್ಲಂ.