ಲೂಪ್ ನಿರ್ಗಮನ

ಪ್ರೋಗ್ರಾಮ್‌ನಲ್ಲಿ ಮತ್ತೆ ಮತ್ತೆ ನಡೆಯುತ್ತಿರುವ ಸೂಚನೆಗಳ ಸುತ್ತನ್ನು ನಿಲ್ಲಿಸಿ ಮುಂದಿನ ಸಾಲಿಗೆ ಹೋಗುವ ಕ್ರಮವೇ ಲೂಪ್ ನಿರ್ಗಮನ. ನಿಲ್ಲಿಸುವ ಷರತ್ತನ್ನು ವೈಲ್ ಲೂಪಿನಲ್ಲಿದ್ದಂತೆ ಆರಂಭದಲ್ಲಿ ಇಡಬಹುದು, ಡೂ-ವೈಲ್‌ನಲ್ಲಿದ್ದಂತೆ ಕೊನೆಯಲ್ಲಿ ಇಡಬಹುದು, ಬ್ರೇಕ್ ಬಳಸಿ ನಡುವೆ ಎಲ್ಲಿಯಾದರೂ ಇಡಬಹುದು. ಮೊದಲೆರಡರ ಬಗ್ಗೆ ತಕರಾರಿಲ್ಲ. ವಾದವೆಲ್ಲ ಮೂರನೆಯದರ ಸುತ್ತ.

ಅನುಕ್ರಮ, ಆಯ್ಕೆ, ಪುನರಾವರ್ತನೆ ಈ ಮೂರಿದ್ದರೆ ಯಾವ ಪ್ರೋಗ್ರಾಮನ್ನಾದರೂ ಬರೆಯಬಹುದು ಎಂದು ಕಂಪ್ಯೂಟರ್ ವಿಜ್ಞಾನಿಗಳಾದ ಬೋಮ್ ಮತ್ತು ಯಾಕೊಪಿನಿ 1966ರಲ್ಲಿ ತೋರಿಸಿದರು. 1968ರಲ್ಲಿ ಡೈಕ್‌ಸ್ಟ್ರಾ ಕೋಡಿನ ಬೇರೊಂದು ಸಾಲಿಗೆ ನೇರ ಹಾರಿಸುವ ಗೋಟು ಹೇಳಿಕೆಯ ವಿರುದ್ಧ ಪತ್ರ ಬರೆದರು. ಈ ಚಿಂತನೆಯ ಗಾಳಿಯಲ್ಲಿ, ಲೂಪಿಗೆ ಒಂದೇ ಪ್ರವೇಶ, ಒಂದೇ ನಿರ್ಗಮನ, ಅದೂ ಆರಂಭದಲ್ಲೋ ಕೊನೆಯಲ್ಲೋ, ಇರಬೇಕೆಂಬ ನಿಯಮ ಬೇರೂರಿತು. ನಿಕ್ಲಾಸ್ ವಿರ್ತ್ ರೂಪಿಸಿದ ಮೂಲ ಪ್ಯಾಸ್ಕಲ್‌ನಲ್ಲಿ ಬ್ರೇಕ್ ಇರಲೇ ಇಲ್ಲ. ಮುಂದೆ ಅವರೇ ಮಾಡ್ಯುಲಾ-2ರಲ್ಲಿ ಎಕ್ಸಿಟ್ ಕೊಟ್ಟರು.

ನಿಯಮ ಕೈಕೊಡುವ ಜಾಗ ಇದು: ಬಳಕೆದಾರ ಟೈಪ್ ಮಾಡುವ ಅಂಕಿಗಳನ್ನು ಕೂಡುತ್ತ ಹೋಗಬೇಕು, -1 ಬಂದ ಕೂಡಲೇ ನಿಲ್ಲಬೇಕು. ಓದದೆ ಪರೀಕ್ಷಿಸುವಂತಿಲ್ಲ, ಪರೀಕ್ಷಿಸದೆ ಕೂಡುವಂತಿಲ್ಲ. ಅಂದರೆ ಹೊರಬರುವ ಜಾಗ ಸುತ್ತಿನ ಮಧ್ಯದಲ್ಲೇ ಇದೆ. ವೈಲ್‌ನಲ್ಲೇ ಬರೆಯುತ್ತೇನೆಂದರೆ ಓದುವ ಸಾಲನ್ನು ಲೂಪಿಗೆ ಮೊದಲು ಒಮ್ಮೆ, ಲೂಪಿನ ಕೊನೆಯಲ್ಲಿ ಇನ್ನೊಮ್ಮೆ ಹಾಕಬೇಕಾಗುತ್ತದೆ. ಆರು ತಿಂಗಳ ನಂತರ ಯಾರೋ ಒಂದನ್ನು ತಿದ್ದಿ ಇನ್ನೊಂದನ್ನು ಹಾಗೇ ಬಿಡುತ್ತಾರೆ. ‘ಮುಗಿಯಿತು’ ಎಂಬ ಫ್ಲ್ಯಾಗ್ ಇಟ್ಟುಕೊಳ್ಳುವ ದಾರಿಯೂ ಉಂಟು. ಆದರೆ ಅದು ಎಲ್ಲಿ ಬದಲಾಗುತ್ತದೆಂದು ಓದುಗ ಕೋಡ್ ತುಂಬ ಹುಡುಕಬೇಕು. ಓದು, -1 ಆದರೆ ಬ್ರೇಕ್, ಇಲ್ಲವಾದರೆ ಕೂಡು ಎಂಬ ಮೂರು ಸಾಲುಗಳಲ್ಲಿ ಇಂಥ ಹುಡುಕಾಟವಿಲ್ಲ. ಸೊಲೊವೇ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವಿನಿಂದ ಹೊರಬರಲು ಅವಕಾಶವಿದ್ದ ವಿದ್ಯಾರ್ಥಿಗಳೇ ಹೆಚ್ಚಾಗಿ ಸರಿಯಾದ ಪ್ರೋಗ್ರಾಮ್ ಬರೆದಿದ್ದರು. 2019ರ ಪೈಥಾನ್ 3.8 ಓದುವ ಕೆಲಸವನ್ನೂ ಷರತ್ತಿನೊಳಗೇ ಸೇರಿಸಲು ಅನುವು ಮಾಡಿತು; ಸಾಲು ಉದ್ದವಾಗದಿದ್ದರೆ ಅದೂ ಚೆನ್ನ.

ಲೂಪಿನೊಳಗೆ ಲೂಪ್ ಬಂದಾಗ ತೊಡಕು ಬೇರೆ. ಬ್ರೇಕ್ ಒಳಗಿನದನ್ನು ಮಾತ್ರ ಮುರಿಯುತ್ತದೆ. ಜಾವಾ, ಗೋ, ರಸ್ಟ್ ಭಾಷೆಗಳಲ್ಲಿ ಹೊರಗಿನ ಲೂಪಿಗೆ ಲೇಬಲ್ ಕಟ್ಟಿ ಅದನ್ನೇ ಮುರಿಯಬಹುದು. ಪಿಎಚ್‌ಪಿಯಲ್ಲಿ ‘ಬ್ರೇಕ್ 2’ ಎಂದು ಎಣಿಸಿ ಹೇಳಬೇಕು. ನಡುವೆ ಇನ್ನೊಂದು ಲೂಪ್ ಸೇರಿಸಿದರೆ ಲೆಕ್ಕ ಸದ್ದಿಲ್ಲದೆ ತಪ್ಪುತ್ತದೆ. ಪೈಥಾನ್‌ಗೆ ಲೇಬಲ್ ಬೇಕೆಂಬ ಪ್ರಸ್ತಾವ 2007ರಲ್ಲಿ ತಿರಸ್ಕೃತವಾಯಿತು. ಎರಡೂ ಲೂಪುಗಳನ್ನು ಒಂದು ಫಂಕ್ಷನ್‌ಗೆ ಸೇರಿಸಿ, ಬೇಕಾದ್ದು ಸಿಕ್ಕೊಡನೆ ರಿಟರ್ನ್ ಮಾಡುವುದು ಅಲ್ಲಿನ ರೂಢಿ. ಬಹುಮಟ್ಟಿಗೆ ಎಲ್ಲ ಭಾಷೆಗಳಲ್ಲೂ ಇದೇ ಲೇಸು: ‘ಮೊದಲ ಖಾಲಿ ಆಸನ’ ಎಂದು ಫಂಕ್ಷನ್‌ಗೆ ಹೆಸರಿಟ್ಟರೆ ಲೂಪ್ ಏನನ್ನು ಹುಡುಕುತ್ತಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಸಿ ಭಾಷೆಯಲ್ಲಿ ಲೂಪಿಗೂ, ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್‌ಗೂ ಒಂದೇ ಬ್ರೇಕ್. ಇಫ್‌ನಿಂದ ಮಾತ್ರ ಅದು ಹೊರಗೆ ತರುವುದಿಲ್ಲ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲ ಸುಮಾರು ಒಂಬತ್ತು ಗಂಟೆ ಕುಸಿದದ್ದರ ಮೂಲದಲ್ಲಿ ತಪ್ಪು ಜಾಗದಲ್ಲಿದ್ದ ಇಂಥದೊಂದು ಬ್ರೇಕ್ ಇತ್ತು. ಇಫ್‌ನೊಳಗೆ ಬರೆದಿದ್ದ ಅದು ಸುತ್ತಲಿನ ಸ್ವಿಚ್‌ನಿಂದಲೇ ಹೊರಗೆ ಹಾರಿಸಿತ್ತು.