ಪಿಕಪ್ ಸೈಲೆನ್ಸರಿನ ಗೆರೆ ಎಳೆದವರು ಯಾರು?

ಅಮೆರಿಕದಲ್ಲಿ ಪಿಕಪ್ ಕೊಂಡವರು ಬೇಗ ಕೈಹಾಕುವ ಭಾಗಗಳಲ್ಲಿ ಸೈಲೆನ್ಸರ್ ಒಂದು. ಅಲ್ಲಿನ ಅಂಗಡಿಗಳಲ್ಲಿ ಇವತ್ತು ಹೆಚ್ಚಾಗಿ ಮಾರಾಟಕ್ಕಿರುವುದು 'ಕ್ಯಾಟ್-ಬ್ಯಾಕ್' ಸೆಟ್. ಎಂಜಿನ್ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟದೆ, ಅದರ ಹಿಂದಿರುವ ಪೈಪು, ಸೈಲೆನ್ಸರ್, ಟೈಲ್ ಪೈಪುಗಳನ್ನಷ್ಟೇ ಬದಲಿಸುವ ಏರ್ಪಾಡು ಇದು. ಮೆಕ್ಯಾನಿಕ್‌ಗಳು ಪ್ರಯೋಗ ಮಾಡುತ್ತಾ ಕಂಡುಕೊಂಡ ದಾರಿ ಇದೆಂದು ಅನ್ನಿಸುವುದು ಸಹಜ. ಆದರೆ ಎಲ್ಲಿಂದ ಹಿಂದಕ್ಕೆ ಬದಲಿಸಬಹುದು ಎಂಬ ಗೆರೆಯನ್ನು ಎಳೆದದ್ದು ಕಾನೂನು. ಈ ಕಸುಬಿನ ಇತಿಹಾಸವನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ.

1970ರ ಶುದ್ಧ ಗಾಳಿ ಕಾಯ್ದೆಗೆ ಮೊದಲು ಇಂಥ ಗೆರೆಯೇ ಇರಲಿಲ್ಲ. ಎಂಜಿನ್ನಿನ ಬಾಯಿಂದ ಟೈಲ್ ಪೈಪಿನ ತುದಿಯವರೆಗೆ ಯಾವುದನ್ನು ಬೇಕಾದರೂ ತೆಗೆದು, ಗಾಜಿನ ನಾರು ತುಂಬಿದ 'ಗ್ಲಾಸ್‌ಪ್ಯಾಕ್' ಸೈಲೆನ್ಸರ್ ಹಾಕಿಸಬಹುದಿತ್ತು. 1975ರ ಮಾದರಿಗಳಿಂದ ಕಾರುಗಳಿಗೆ ಕನ್ವರ್ಟರ್ ಬಂತು. ಸೀಸವಿದ್ದ ಪೆಟ್ರೋಲು ಅದನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲೂ ಬೇಕಾಯಿತು. ಆದರೆ ಸರಕೂ ಸೇರಿ ಒಟ್ಟು ತೂಕದ ಮಿತಿ 6,000 ಪೌಂಡ್ ದಾಟಿದ ಗಾಡಿಗಳಿಗೆ ಆಗ ವಿನಾಯಿತಿ ಇತ್ತು. ಫೋರ್ಡ್ ಅದೇ ವರ್ಷ ಎಫ್-150 ಎಂಬ ಮಾದರಿಯನ್ನು ಆ ಮಿತಿಯ ಮೇಲೆಯೇ ತಂದು ನಿಲ್ಲಿಸಿತು. ಡಾಡ್ಜ್ ಇನ್ನೂ ಮುಂದೆ ಹೋಯಿತು. 1978ರ ಅದರ 'ಲಿಲ್ ರೆಡ್ ಎಕ್ಸ್‌ಪ್ರೆಸ್' ಪಿಕಪ್ಪಿಗೆ ಕನ್ವರ್ಟರ್ ಇರಲಿಲ್ಲ. ಕ್ಯಾಬಿನ್ ಹಿಂದೆ, ದೊಡ್ಡ ಲಾರಿಗಳಿಗಿರುವಂತೆ, ಮಿರುಗುವ ಎರಡು ಹೊಗೆ ಪೈಪುಗಳು ನೆಟ್ಟಗೆ ನಿಂತಿದ್ದವು. ಗಂಟೆಗೆ 100 ಮೈಲಿ ವೇಗ ಮುಟ್ಟುವುದರಲ್ಲಿ ಅದು ಅಂದಿನ ಅಮೆರಿಕನ್ ಕಾರುಗಳನ್ನು ಹಿಂದಿಕ್ಕಿದ್ದು 'ಕಾರ್ ಅಂಡ್ ಡ್ರೈವರ್' ಪತ್ರಿಕೆಯ ಪರೀಕ್ಷೆಯಲ್ಲಿ ಕಂಡುಬಂತು. ಮರುವರ್ಷ ಕನ್ವರ್ಟರ್ ಅದಕ್ಕೂ ಬಂತು.

ಹಾಗಾದರೆ ಕನ್ವರ್ಟರ್ ಶಕ್ತಿಯನ್ನು ಕುಗ್ಗಿಸಿದ್ದು ನಿಜವಲ್ಲವೇ ಎಂದು ಯಾರಾದರೂ ಕೇಳಬಹುದು. ಎಪ್ಪತ್ತರ ದಶಕದ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಅಂದಿನ ಕನ್ವರ್ಟರುಗಳು ಹೊಗೆಯ ಹರಿವಿಗೆ ಅಡ್ಡಿಯಾಗುತ್ತಿದ್ದವು. ಆದರೆ ಎಂಜಿನ್ನಿನ ಕಂಪ್ರೆಷನ್ ಇಳಿಸಿದ್ದೂ ಕಾರ್ಬ್ಯುರೇಟರನ್ನು ಬಿಗಿಗೊಳಿಸಿದ್ದೂ ಅದೇ ಕಾಲದಲ್ಲಿ; ಎಲ್ಲ ತಪ್ಪನ್ನೂ ಒಂದೇ ಡಬ್ಬದ ಮೇಲೆ ಹೊರಿಸಲಾಗದು. ಮುಂದೆ ಕಂಪ್ಯೂಟರ್ ನಿಯಂತ್ರಿತ ಫ್ಯುಯೆಲ್ ಇಂಜೆಕ್ಷನ್ ಬಂದಾಗ ಕನ್ವರ್ಟರ್ ಇದ್ದುಕೊಂಡೇ ಶಕ್ತಿ ಮರಳಿತು. ಇಂದಿನ ಪಿಕಪ್‌ನಲ್ಲಿ ಕ್ಯಾಟ್-ಬ್ಯಾಕ್ ಹಾಕಿಸಿದವರಿಗೆ ದಕ್ಕುವುದು ಮುಖ್ಯವಾಗಿ ದನಿ. ಶಕ್ತಿಯ ಲಾಭ ಅಲ್ಪ. ದನಿಗಾಗಿ ಹಣ ಕೊಡುವುದರಲ್ಲಿ ತಪ್ಪೇನಿಲ್ಲ, ಅದನ್ನು ಶಕ್ತಿ ಎಂದು ಹೇಳಿ ಮಾರುವುದು ತಪ್ಪು.

ನನ್ನ ಗಾಡಿ, ನನ್ನ ಇಷ್ಟ ಎಂಬುದು ಇನ್ನೊಂದು ಆಕ್ಷೇಪ. ಶುದ್ಧ ಗಾಳಿ ಕಾಯ್ದೆಯ 1990ರ ತಿದ್ದುಪಡಿ ಇದಕ್ಕೆ ಉತ್ತರ ಕೊಟ್ಟಿತು: ಕನ್ವರ್ಟರ್ ಕಿತ್ತುಹಾಕುವುದು ಗ್ಯಾರೇಜಿನವರಿಗೆ ಮಾತ್ರವಲ್ಲ, ಗಾಡಿಯ ಮಾಲೀಕನಿಗೂ ನಿಷಿದ್ಧವಾಯಿತು. ಆ ಉತ್ತರ ನ್ಯಾಯವಾದದ್ದೇ, ಏಕೆಂದರೆ ಗಾಡಿ ಒಬ್ಬನದಾದರೂ ಅದರ ಹೊಗೆ ಊರಿನದು. ಇದನ್ನು ಮೀರಿದರೆ ಏನಾಗುತ್ತದೆಂದು ಡೀಸೆಲ್ ಪಿಕಪ್‌ಗಳು ತೋರಿಸಿಕೊಟ್ಟಿವೆ. ಒಂದೇ ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಅದರಿಂದ ಗಾಳಿಗೆ ಸೇರುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡಿನ ಲೆಕ್ಕ 5,70,000 ಟನ್ನಿಗೂ ಮೀರಿತ್ತು. ದನಿ ಬೇಕೆನ್ನುವವರು ಪೈಪಿನ ಗಾತ್ರವನ್ನೂ ಸೈಲೆನ್ಸರಿನ ಬಗೆಯನ್ನೂ ಮನಸಾರೆ ಆರಿಸಿಕೊಳ್ಳಲಿ, ಕನ್ವರ್ಟರ್ ಮಾತ್ರ ಅದರ ಜಾಗದಲ್ಲೇ ಇರಲಿ.